ಕೆನೆ ಕಟ್ಟುವ ಹಾಲಿಗೆ ಡಿಗ್ರಿ ಕಮ್ಮಿ ಏಕೆ?

ಓದುಗರ ಪತ್ರ: ನಮ್ಮದು ಜೆರ್ಸಿ ಹಸು. ಹಾಲು ಕಾಸಿದರೆ ದಪ್ಪಗೆ ಕೆನೆ ಕಟ್ಟುತ್ತದೆ. ಒಂದು ತೊಟ್ಟು ನೀರು ಬೆರೆಸುವವರಲ್ಲ. ಆದರೂ ಮೊನ್ನೆ ಡೈರಿಯಲ್ಲಿ ಹಾಲಿನೊಳಗೆ ಲ್ಯಾಕ್ಟೋಮೀಟರ್ ಕಡ್ಡಿ ತೇಲಿಬಿಟ್ಟು, ‘ಡಿಗ್ರಿ 26, ನೀರು ಸೇರಿದೆ’ ಎಂದು ನಾಲ್ಕು ಜನರ ಮುಂದೆ ಕ್ಯಾನ್ ವಾಪಸ್ ಕೊಟ್ಟರು. ಇದು ಹೇಗೆ? ಇನ್ನೊಂದು, ಆಲೆಮನೆಯಲ್ಲಿ ಕೊಪ್ಪರಿಗೆ ಉಕ್ಕಿದಾಗ ಎರಡು ಹನಿ ಹರಳೆಣ್ಣೆ ಬಿಟ್ಟರೆ ನೊರೆ ಇಳಿಯುತ್ತದಲ್ಲ, ಏಕೆ?
– ಒಬ್ಬ ರೈತ, ಮದ್ದೂರು ತಾಲ್ಲೂಕು

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ನೀರು ಸೇರಿದೆಯೋ ಇಲ್ಲವೋ ಎಂದು ಆ ಕಡ್ಡಿಯೊಂದನ್ನೇ ನೋಡಿ ತೀರ್ಪು ಕೊಡಲು ಬರುವುದಿಲ್ಲ.

ಲ್ಯಾಕ್ಟೋಮೀಟರ್‌ಗೆ ನೀರೂ ಗೊತ್ತಿಲ್ಲ, ಕೆನೆಯೂ ಗೊತ್ತಿಲ್ಲ. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ. ಹಾಲಿನ ಸಾಂದ್ರತೆ ಜಾಸ್ತಿ ಇದ್ದರೆ ಸ್ವಲ್ಪ ಮುಳುಗಿದರೆ ಸಾಕು, ಕಡಿಮೆ ಇದ್ದರೆ ಇನ್ನಷ್ಟು ಮುಳುಗಬೇಕು. ಅದು ಹೇಳುವುದು ಇಷ್ಟೇ. 28 ತೋರಿಸಿದರೆ ಆ ಹಾಲು ಲೀಟರಿಗೆ ಸುಮಾರು 1028 ಗ್ರಾಂ ತೂಗುತ್ತದೆ ಎಂದರ್ಥ. ಸಕ್ಕರೆ ಕಾರ್ಖಾನೆಯಲ್ಲಿ ಬ್ರಿಕ್ಸ್ (ಕಬ್ಬಿನ ಹಾಲಿನ ಸಕ್ಕರೆ ಅಂಶ) ನೋಡುವ ತೇಲುಗಡ್ಡಿಯೂ ಇದೇ ಜಾತಿಯದು.

ಈಗ ಹಾಲಿನೊಳಗೆ ಏನಿದೆ ನೋಡಿ. ಕೊಬ್ಬು, ಅಂದರೆ ಫ್ಯಾಟ್, ನೀರಿಗಿಂತ ಹಗುರ, ನೀರಿನ ಸಾಂದ್ರತೆ 1 ಎಂದರೆ ಅದರದು ಸುಮಾರು 0.93. ಪ್ರೋಟೀನ್, ಲ್ಯಾಕ್ಟೋಸ್, ಲವಣ ಎಲ್ಲ ಸೇರಿದ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಭಾರ, ಸುಮಾರು 1.6. ಒಂದು ಮೇಲಕ್ಕೆಳೆದರೆ ಇನ್ನೊಂದು ಕೆಳಕ್ಕೆ. ಫ್ಯಾಟ್ ಶೇ 3.5, ಎಸ್‌ಎನ್‌ಎಫ್ ಶೇ 8.5 ಇರುವ ಹಾಲಿಗೆ ಡಿಗ್ರಿ 30ರ ಆಸುಪಾಸು ಬರುತ್ತದೆ. ಎಸ್‌ಎನ್‌ಎಫ್ ಅಷ್ಟೇ ಇದ್ದು ಫ್ಯಾಟ್ ಮಾತ್ರ 5.5ಕ್ಕೆ ಏರಿದರೆ ಡಿಗ್ರಿ ಒಂದೂವರೆಯಷ್ಟು ಇಳಿಯುತ್ತದೆ. ಅಂದರೆ ಕೆನೆ ಜಾಸ್ತಿ ಇದ್ದದ್ದೇ ನಿಮಗೆ ಮುಳುವಾಯಿತು!

ಇದರ ತಿರುವುಮುರುವೂ ನಡೆಯುತ್ತದೆ. ಕೆನೆ ತೆಗೆದ ಹಾಲು 33ರ ಹತ್ತಿರ ತೋರಿಸುತ್ತದೆ. ಹತ್ತು ಲೀಟರಿಗೆ ಒಂದು ಲೀಟರ್ ನೀರು ಸುರಿದರೆ ಮತ್ತೆ 30! ಕೆನೆಯನ್ನೂ ಕದ್ದು ನೀರನ್ನೂ ಹಾಕಿದವನು ಸಾಚಾ, ನೀವು ಕಳ್ಳರು. ಇದಕ್ಕೇ ಫ್ಯಾಟ್ ಬೇರೆಯಾಗಿ ನೋಡಬೇಕು ಅನ್ನುವುದು. ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ಗರ್ಬರ್ 1890ರ ದಶಕದಲ್ಲಿ ರೂಢಿಗೆ ತಂದ ಗಂಧಕಾಮ್ಲದ ಪರೀಕ್ಷೆ ಆ ಕೆಲಸಕ್ಕೇ ಇರುವುದು. ಈಗ ಮಿಷಿನ್‌ಗಳೂ ಬಂದಿವೆ. ಫ್ಯಾಟ್, ಡಿಗ್ರಿ ಎರಡೂ ಕೈಯಲ್ಲಿದ್ದರೆ ಎಸ್‌ಎನ್‌ಎಫ್ ಲೆಕ್ಕ ಹಾಕಬಹುದು. ಮಾತಾಡುವುದಿದ್ದರೆ ಅದರ ಮೇಲೆ ಮಾತಾಡಲಿ.

ಆದರೆ ಕೆನೆಯೊಂದರಿಂದಲೇ 26 ಬರುವುದು ಕಷ್ಟ. ನನ್ನ ಅನುಮಾನ ಬಿಸಿಯ ಮೇಲೆ. ಕರೆದ ತಕ್ಷಣ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ, ನೊರೆಗುಳ್ಳೆಗಳೂ ತುಂಬಿರುತ್ತವೆ. ಎರಡೂ ಡಿಗ್ರಿ ಇಳಿಸುತ್ತವೆ. ನಮ್ಮ ಕಡೆಯ ಅನೇಕ ಲ್ಯಾಕ್ಟೋಮೀಟರ್‌ಗಳು 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದವು. ಹಾಲು ಅದಕ್ಕಿಂತ ಹತ್ತು ಡಿಗ್ರಿ ಬಿಸಿಯಿದ್ದರೆ ಓದು ಎರಡು ಮೂರು ಕಮ್ಮಿ ಬರುತ್ತದೆ. ಅದನ್ನು ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬೇಕು. ಬೆಳಗಿನ ನೂಕುನುಗ್ಗಲಲ್ಲಿ ಥರ್ಮಾಮೀಟರ್ ಹಿಡಿದು ನಿಲ್ಲುವ ಪುರುಸೊತ್ತು ಯಾರಿಗಿದೆ ಅಂತೀರಾ? ಇರಲೇಬೇಕು, ದುಡ್ಡಿನ ವಿಷಯ ಅಲ್ವಾ? ಹಸುವಿಗೆ ಬರೀ ಒಣಹುಲ್ಲು ಹಾಕುತ್ತಿದ್ದರೆ ಅದನ್ನೂ ಗಮನಿಸಿ. ಮೇವು ಸಾಲದಿದ್ದರೆ ಎಸ್‌ಎನ್‌ಎಫ್ ನಿಜವಾಗಿಯೂ ಇಳಿಯುತ್ತದೆ.

ಕಣ್ಣೂ ಸ್ವಲ್ಪ ಮೋಸ ಮಾಡುತ್ತದೆ. ಹಾಲು ಕಡ್ಡಿಯ ಕುತ್ತಿಗೆ ಹಿಡಿದು ಒಂದಿಷ್ಟು ಮೇಲೇರಿ ನಿಂತಿರುತ್ತದೆ, ಅದು ಮೇಲ್ಮೈ ಸೆಳೆತ, ಅಂದರೆ ದ್ರವದ ಮೇಲ್ಪದರ ಬಿಗಿಯಾಗಿ ಎಳೆದುಕೊಳ್ಳುವ ಗುಣ. ಕಡ್ಡಿಯ ಅಳತೆಪಟ್ಟಿಯಲ್ಲಿ ಚಿಕ್ಕ ಅಂಕಿಗಳು ಮೇಲಿರುವುದರಿಂದ, ಏರಿದ ತುದಿಯನ್ನು ಓದಿದರೆ ಅಂಕಿ ಕಮ್ಮಿಯಾಗುತ್ತದೆ. ಕಡ್ಡಿಗೆ ಜಿಡ್ಡು ಹಿಡಿದಿದ್ದರಂತೂ ಏರುವುದೂ ಒಂದೇ ಸಮನಿರುವುದಿಲ್ಲ.

ಇನ್ನು ಹರಳೆಣ್ಣೆ. ಅದೂ ಮೇಲ್ಮೈ ಸೆಳೆತದ್ದೇ ಆಟ. ಬರೀ ನೀರು ಕುದಿದರೆ ಗುಳ್ಳೆ ಕೂಡಲೇ ಒಡೆಯುತ್ತದೆ. ಕಬ್ಬಿನ ಹಾಲಿನಲ್ಲಿ ಪ್ರೋಟೀನ್, ಅಂಟು ಇರುವುದರಿಂದ ಅವು ಗುಳ್ಳೆಯ ಪೊರೆಗೆ ಅಂಟಿಕೊಂಡು ಒಡೆಯಲು ಬಿಡುವುದಿಲ್ಲ. ನೊರೆ ಏರುತ್ತಾ ಹೋಗುತ್ತದೆ. ಎಣ್ಣೆ ಹನಿ ಬಿದ್ದ ಕಡೆ ಸೆಳೆತ ಒಮ್ಮೆಗೇ ಕಡಿಮೆಯಾಗುತ್ತದೆ. ಸುತ್ತಲಿನ ಪೊರೆ ಜೋರಾಗಿ ಎಳೆದುಕೊಳ್ಳುತ್ತದೆ, ನಡುವೆ ಪೊರೆ ತೆಳುವಾಗಿ ಒಡೆಯುತ್ತದೆ. ಎಣ್ಣೆ ತಾನೇ ಹರಡಿ ಪಕ್ಕದ ಗುಳ್ಳೆಗೂ ಹೋಗುವುದರಿಂದ ಎರಡು ಹನಿಯೇ ಸಾಕು. ಹರಳೆಣ್ಣೆಯೇ ಆಗಬೇಕೆಂದೂ ಇಲ್ಲ, ಕಡಲೆಕಾಯಿ ಎಣ್ಣೆಯಿಂದಲೂ ಇಳಿಯುತ್ತದೆ.