ಜಗಳ ಅಂತ ಬಂದರು, ಉಸಿರಿನ ತೊಂದರೆ ಇತ್ತು

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ಮಂಡ್ಯದ ಕಡೆಯ ದಂಪತಿ. ಗಂಡನಿಗೆ 44, ಹೆಂಡತಿಗೆ 38. ಬೆಲ್ಲದ ವ್ಯಾಪಾರ.

"ಎರಡು ವರ್ಷದಿಂದ ಮಕ್ಕಳ ರೂಮಲ್ಲಿ ಮಲಗ್ತಿದ್ದೀನಿ ಮೇಡಂ. ಇವರಿಗೆ ಮನೆ ಬೇಡ, ನಾನೂ ಬೇಡ" ಅಂದರು ಆಕೆ. ಆಕೆ ಮಾತಾಡುತ್ತಿದ್ದಾಗಲೇ ಅವರು ಎರಡು ಸಲ ತೂಕಡಿಸಿದರು. "ನೋಡಿ, ಹೀಗೇ!" ಅಂತ ಆಕೆ ಅತ್ತುಬಿಟ್ಟರು.

ರಾತ್ರಿ ಹೇಗಿರುತ್ತೆ ಅಂತ ಕೇಳಿದೆ. "ಗೊರಕೆ ಇರ್ಲಿ ಬಿಡಿ. ಅದು ನಿಂತಾಗಲೇ ನನಗೆ ಭಯ. ಉಸಿರೇ ಇರಲ್ಲ. ಎಣಿಸ್ತಾ ಕೂರ್ತೀನಿ. ಆಮೇಲೆ ದಡಬಡಿಸಿ ಉಸಿರು ಎಳ್ಕೋತಾರೆ." ಬೆಳಗ್ಗೆ ತಲೆನೋವು, ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು, ಬಿಪಿ ಮಾತ್ರೆ. ಆರು ವರ್ಷದಲ್ಲಿ ತೂಕ 78ರಿಂದ 96 ಕೆಜಿಗೆ ಏರಿತ್ತು.

ಗಂಡ ಒಬ್ಬರೇ ಇದ್ದಾಗ ಇನ್ನೊಂದು ವಿಷಯ ಹೇಳಿದರು. ಮದ್ದೂರಿನ ಹತ್ತಿರ ತೂಕಡಿಸಿ ಗಾಡಿ ಡಿವೈಡರ್‌ಗೆ ತಾಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. "ದಪ್ಪ ಆಗಿದ್ದೀಯ, ಸೋಮಾರಿ ಅಂತಾರೆ. ನಾನು ಸೋಮಾರಿ ಅಲ್ಲ ಮೇಡಂ, ನನಗೆ ನಿದ್ದೆ ಸಾಲಲ್ಲ ಅಷ್ಟೆ."

ಆ ಮಾತು ನಿಜವೇ ಆಗಿತ್ತು. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗುತ್ತದೆ. ಕತ್ತಿನ ಸುತ್ತ, ನಾಲಿಗೆಯೊಳಗೆ ಕೊಬ್ಬು ಸೇರಿದ್ದರೆ ಉಸಿರಿನ ದಾರಿ ಮೊದಲೇ ಕಿರಿದು, ಆಗ ಮುಚ್ಚಿಕೊಳ್ಳುತ್ತದೆ. ಹೊಟ್ಟೆಯ ಕೊಬ್ಬು ಎದೆಯನ್ನು ಒತ್ತಿ ಶ್ವಾಸಕೋಶ ಪೂರ್ತಿ ಹಿಗ್ಗಲು ಬಿಡುವುದಿಲ್ಲ. ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಉಸಿರು ನಿಂತರೆ ಅದೊಂದು ಅಪ್ನಿಯಾ. ಪ್ರತಿ ಸಲ ಮೆದುಳು ಅರೆ ಎಚ್ಚರವಾಗುತ್ತದೆ. ಇದು ಸಣ್ಣಗಿರುವವರಿಗೂ ಬರುತ್ತದೆ, ದವಡೆ ಚಿಕ್ಕದಿದ್ದರೆ, ಟಾನ್ಸಿಲ್ ದೊಡ್ಡದಿದ್ದರೆ.

ನಾನು ಡಾಕ್ಟರ್ ಅಲ್ಲ. ಶ್ವಾಸಕೋಶದ ತಜ್ಞರ ಹತ್ತಿರ ಮೈಸೂರಿಗೆ ಕಳಿಸಿದೆ. ನಿದ್ದೆ ಪರೀಕ್ಷೆಯಲ್ಲಿ ಗಂಟೆಗೆ ಸರಾಸರಿ 38 ಸಲ ಉಸಿರು ನಿಂತಿತ್ತು ಅಥವಾ ಕುಗ್ಗಿತ್ತು. 30 ದಾಟಿದರೆ ತೀವ್ರ. ಸಿಪ್ಯಾಪ್ ಯಂತ್ರ ಬರೆದುಕೊಟ್ಟರು. ಮಾಸ್ಕಿನಿಂದ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ.

"ತೂಕ ಇಳಿಸಿದ್ರೆ ಯಂತ್ರ ಬೇಡ ಅಲ್ವಾ? ಮೊದಲು ಅದನ್ನೇ ಮಾಡ್ತೀನಿ" ಅಂದರು. ಇಲ್ಲಿ ನಾನು ಒಪ್ಪಲಿಲ್ಲ. ನಿದ್ದೆ ಕೆಟ್ಟರೆ ಹಸಿವು ಜಾಸ್ತಿ, ನಡೆಯಲು ತ್ರಾಣ ಇರಲ್ಲ. ತೂಕ ಇಳಿಯಲು ತಿಂಗಳುಗಳು ಬೇಕು, ಉಸಿರು ಇವತ್ತು ರಾತ್ರಿಯೇ ಬೇಕು. ಹಾಗಂತ ತೂಕದ ಮಾತು ಸುಳ್ಳಲ್ಲ. 2000ರಲ್ಲಿ ಪ್ರಕಟವಾದ ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನದಲ್ಲಿ, ತೂಕ ಶೇ. 10 ಇಳಿದವರಲ್ಲಿ ಈ ಉಸಿರಿನ ತಡೆ ಸುಮಾರು ಶೇ. 26 ಕಡಿಮೆಯಾಗಿತ್ತು. ಶೇ. 10 ಏರಿದವರಲ್ಲಿ ಸುಮಾರು ಶೇ. 32 ಹೆಚ್ಚಿತ್ತು. ಇವರ ಲೆಕ್ಕಕ್ಕೆ ಶೇ. 10 ಇಳಿಸುವುದು ಅಂದರೆ ಒಂಬತ್ತು-ಹತ್ತು ಕೆಜಿ.

ಮಗ್ಗುಲಾಗಿ ಮಲಗಿ, ರಾತ್ರಿ ಕುಡಿತ ಬೇಡ, ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ತಗೋಬೇಡಿ ಅಂದೆ. ಹಗಲಿನ ತೂಕಡಿಕೆ ಹೋಗುವವರೆಗೆ ಗಾಡಿಯನ್ನು ತಮ್ಮನಿಗೆ ಕೊಡಿ ಅಂತ ಕಟ್ಟುನಿಟ್ಟಾಗಿ ಹೇಳಿದೆ. ಡಿವೈಡರ್ ವಿಷಯ ಅವತ್ತೇ ಹೆಂಡತಿಗೆ ಹೇಳಿಸಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಕೆಗೆ ಒಂದೇ ಕೇಳಿಕೊಂಡೆ: ಅವರ ತಟ್ಟೆಯ ಮುದ್ದೆ ಎಣಿಸಬೇಡಿ. ಸಂಜೆ ಜೊತೆಗೆ ನಡೆಯಲು ಹೋಗಿ.

ಮಾಸ್ಕ್ ಮೊದಲ ವಾರ ಎರಡು ಸಲ ಕಿತ್ತೆಸೆದರಂತೆ. ಅಳತೆ ಬದಲಿಸಿಕೊಂಡ ಮೇಲೆ ಒಗ್ಗಿತು. ಐದು ತಿಂಗಳಲ್ಲಿ ನಾಲ್ಕು ಕೆಜಿ ಇಳಿದಿದ್ದಾರೆ. ಆಕೆ ಈಗ ಪಕ್ಕದಲ್ಲೇ ಮಲಗುತ್ತಾರೆ, ಆದರೆ ನಡುರಾತ್ರಿ ಎದ್ದು ಉಸಿರು ಎಣಿಸುವುದು ನಿಂತಿಲ್ಲ. ಮುಂದಿನ ವಾರ ಒಬ್ಬರೇ ಬನ್ನಿ ಅಂತ ಆಕೆಯನ್ನು ಕರೆದಿದ್ದೇನೆ.