ಎರಡು ಸಲ ಪ್ರಿಲಿಮ್ಸ್ ಹೋಯಿತು, ಈಗ ಮದುವೆಗೂ ಹೋಗಬಾರದೇ?

ಪ್ರಶ್ನೆ: ವಯಸ್ಸು 28. ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದೇನೆ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಮೊದಲ ಹಂತ, ಪ್ರಿಲಿಮ್ಸ್, ಎರಡು ಸಲ ಬರೆದೆ, ಎರಡೂ ಸಲ ಹೋಯಿತು. ಪಾಸಾಗುವವರೆಗೆ ಏನೂ ಬೇಡವೆಂದು ಹಬ್ಬ, ಊರು, ಗೆಳೆಯರನ್ನೆಲ್ಲ ಬಿಟ್ಟಿದ್ದೇನೆ. ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆ, ಅದಕ್ಕೂ ಮನಸ್ಸಿಲ್ಲ. 'ಇರೋದರಲ್ಲಿ ನೆಮ್ಮದಿಯಾಗಿರು' ಅಂತಾರೆ ಅಮ್ಮ. ನೆಮ್ಮದಿಯಾದರೆ ಓದು ಸಡಿಲವಾಗುತ್ತದೆಂಬ ಭಯ ನನಗೆ. ಏನು ಮಾಡಲಿ?
– ಓದುಗ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ತನ್ನನ್ನು ಇದ್ದ ಹಾಗೆ ಒಪ್ಪಿಕೊಳ್ಳದವನು ಪ್ರಿಲಿಮ್ಸ್‌ನಲ್ಲೇ ಅಂಕ ಕಳೆದುಕೊಳ್ಳುತ್ತಾನೆ. ಲೆಕ್ಕ ನೋಡಿ.

ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ 100 ಪ್ರಶ್ನೆ. ಸರಿಯಾದರೆ 2 ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ, ಅಂದರೆ ಸುಮಾರು 0.66 ಹೋಗುತ್ತದೆ. ಒಬ್ಬರು 90 ಪ್ರಶ್ನೆ ಮುಟ್ಟಿ 50 ಸರಿ, 40 ತಪ್ಪು ಮಾಡಿದರು ಅನ್ನಿ: ಕೈಗೆ ಬರುವುದು ಸುಮಾರು 73. ಇನ್ನೊಬ್ಬರು 75 ಮುಟ್ಟಿ 48 ಸರಿ, 27 ತಪ್ಪು: 78. ಎರಡು ಉತ್ತರ ಕಡಿಮೆ ಗೊತ್ತಿದ್ದವರೇ ಮುಂದೆ! 'ಈ ಸಲ ಹೋದರೆ ನಾನು ಯಾವ ಲೆಕ್ಕಕ್ಕೂ ಇಲ್ಲ' ಎಂದುಕೊಂಡು ಕೂತವರ ಪೆನ್ನು ಉತ್ತರ ಹಾಳೆಯಲ್ಲಿ ಖಾಲಿ ವೃತ್ತ ಕಂಡರೆ ತಡೆಯುವುದಿಲ್ಲ, ತುಂಬುತ್ತಲೇ ಹೋಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತೆಗೆಯಲು ಆದರೆ ಊಹಿಸಿ, ಲಾಭವಿದೆ. ಒಂದನ್ನೂ ತೆಗೆಯಲಾಗದಿದ್ದರೆ ಬಿಡಿ.

ಅಣಕು ಪರೀಕ್ಷೆ ಮುಗಿದ ಮೇಲೆ ಮೊತ್ತ ನೋಡಿ ಪುಸ್ತಕ ಮುಚ್ಚಬೇಡಿ. ತಪ್ಪುಗಳನ್ನು ಮೂರು ಕಾಲಮ್ಮಿನಲ್ಲಿ ಬರೆಯಿರಿ: ಓದೇ ಇರಲಿಲ್ಲ, ಓದಿದ್ದು ನೆನಪಾಗಲಿಲ್ಲ, 'ಸರಿಯಲ್ಲದ್ದು ಯಾವುದು' ಎಂಬುದನ್ನು 'ಸರಿಯಾದದ್ದು' ಎಂದು ಓದಿಕೊಂಡೆ. ಮೊದಲನೆಯದಕ್ಕೆ ಓದು, ಎರಡನೆಯದಕ್ಕೆ ಪುನರಾವರ್ತನೆ. ಮೂರನೆಯದು ಹೆಚ್ಚಿದ್ದರೆ ನಿದ್ದೆ ಸಾಲುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಿ. ಗ್ರಹಿಕೆ, ತರ್ಕ, ಲೆಕ್ಕ ಕೇಳುವ ಎರಡನೇ ಪತ್ರಿಕೆ ಸಿಸ್ಯಾಟ್‌ನಲ್ಲಿ 200ಕ್ಕೆ 66 ಬಾರದಿದ್ದರೆ ಮೊದಲನೆಯದರ ಅಂಕ ನೋಡುವುದೇ ಇಲ್ಲ. ವಾರಕ್ಕೆ ಎರಡು ದಿನ ಅದಕ್ಕಿರಲಿ.

ಕೆಲಸದಲ್ಲಿರುವವರಿಗೆ ಬೆಳಿಗ್ಗೆ 5ರಿಂದ 7.30, ರಾತ್ರಿ ಒಂದು ಗಂಟೆ ಸಾಕು, ನಿಯಮ ತಪ್ಪದಿದ್ದರೆ. ಭಾನುವಾರ ಮಧ್ಯಾಹ್ನದ ನಂತರ ಪುಸ್ತಕ ಮುಟ್ಟಬೇಡಿ.

ಕೊನೆಯ ಪ್ರಯತ್ನ ಯಾವುದು ಎಂದು ಈಗಲೇ ಬರೆದಿಡಿ. ಸಾಮಾನ್ಯ ವರ್ಗಕ್ಕೆ 32ರ ವಯಸ್ಸಿನೊಳಗೆ 6 ಅವಕಾಶ. ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ 35ರೊಳಗೆ 9. ಅರ್ಜಿ ಹಾಕಿ ಹೋಗದಿದ್ದರೆ ಲೆಕ್ಕಕ್ಕಿಲ್ಲ, ಒಂದೇ ಪತ್ರಿಕೆಗೆ ಕೂತರೂ ಒಂದು ಅವಕಾಶ ಖರ್ಚು. ಎಲ್ಲವನ್ನೂ ಬಳಸಲೇಬೇಕೆಂದಿಲ್ಲ. ಕೊನೆ ಗೊತ್ತಿದ್ದರೆ ಓದು ಗಟ್ಟಿಯಾಗುತ್ತದೆ. ಈ ನೌಕರಿಯನ್ನು ಮಾತ್ರ ಬಿಡಬೇಡಿ. ಸಂಬಳ ಬರುವವರೆಗೆ ಸೋಲು ಅನ್ನಕ್ಕೆ ಕೈ ಹಾಕುವುದಿಲ್ಲ.

ಮದುವೆಗೆ ಎರಡು ದಿನ ಹೋಗಿ ಬನ್ನಿ. ಬ್ಯಾಗಿನಲ್ಲಿ ಪುಸ್ತಕ ತುರುಕಬೇಡಿ; ಅಲ್ಲಿ ಓದೂ ಆಗದು, ಪಂಕ್ತಿಯಲ್ಲಿ ಬಡಿಸುವ ಕೈಯೂ ಓಡದು. ಹೊರಡುವ ಮುನ್ನ, ವಾಪಸಾದ ಬೆಳಿಗ್ಗೆ ಯಾವ ಪುಟದಿಂದ ಶುರು ಎಂದು ಚೀಟಿ ಬರೆದು ಮೇಜಿನ ಮೇಲಿಡಿ.