ನ್ಯಾಚುರಲ್ ಹಾರ್ಸ್‌ಮನ್‌ಶಿಪ್: ಒಬ್ಬರು ಅದೇ ಸರಿ ಅಂತಾರೆ, ಇನ್ನೊಬ್ಬರು ನಾಟಕ ಅಂತಾರೆ. ಯಾರನ್ನು ನಂಬಬೇಕು?

ನೀವು ಸವಾರಿ ಕಲಿಯುವ ಕಡೆ ಇಬ್ಬರು ತರಬೇತುದಾರರು ಇದ್ದಾರೆ. ಒಬ್ಬರ ಪ್ರಕಾರ ನ್ಯಾಚುರಲ್ ಹಾರ್ಸ್‌ಮನ್‌ಶಿಪ್ (ಕುದುರೆಯ ಸ್ವಭಾವ ಅರಿತು, ಬಲವಂತ ಮಾಡದೆ ಪಳಗಿಸುತ್ತೇವೆ ಅನ್ನುವ ಪದ್ಧತಿ) ಬಿಟ್ಟು ಮಿಕ್ಕಿದ್ದೆಲ್ಲ ಹಿಂಸೆ. ಇನ್ನೊಬ್ಬರ ಪ್ರಕಾರ ಅದೆಲ್ಲ ದುಡ್ಡು ಮಾಡುವ ನಾಟಕ. ಮೊದಲನೆಯವರ ಕೋರ್ಸಿಗೆ ಸೇರಬೇಕಾ, ಅವರು ಹೇಳುವ ಹಗ್ಗದ ಹಾಲ್ಟರ್ (ಹಿಡಿದು ನಡೆಸಲು ಕುದುರೆಯ ತಲೆಗೆ ತೊಡಿಸುವ ಸಾಧನ), ಉದ್ದನೆಯ ಕೋಲು ಕೊಳ್ಳಬೇಕಾ ಎಂದು ಕೇಳಿದ್ದೀರಿ. ನಾನು ಎರಡೂ ಬಗೆಯವರ ಜೊತೆ ಲಾಯದಲ್ಲಿ ಕೆಲಸ ಮಾಡಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಆ ಪದ್ಧತಿಯ ಕೈಕೆಲಸ ಬಹುಪಾಲು ಒಳ್ಳೆಯದು, ಅದಕ್ಕೆ ಕೊಡುವ ವಿವರಣೆ ಬಹುಪಾಲು ಕಥೆ.

ಮೊದಲು ಸ್ವಲ್ಪ ಹಿನ್ನೆಲೆ. ಕುದುರೆಯ ಹತ್ತಿರ ಸಿಟ್ಟಿನಲ್ಲಿ ಹೋಗಲೇಬೇಡಿ ಎಂದು ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಬರೆದಿದ್ದ. ಈಗ ನಾವು ಕೇಳುವ ಪದ್ಧತಿ ಬಂದಿದ್ದು ಅಮೆರಿಕದ ಪಶ್ಚಿಮ ಭಾಗದ ದನಗಾಹಿಗಳಿಂದ. ಎಳೆ ಕುದುರೆಯನ್ನು ಕಟ್ಟಿ, ಜೀನು ಬಿಗಿದು, ಅದು ಜಿಗಿದು ಜಿಗಿದು ಸುಸ್ತಾಗುವ ತನಕ ಮೇಲೆ ಕೂತಿರುವುದು ಅಲ್ಲಿ ಮಾಮೂಲಿಯಾಗಿತ್ತು. ಟಾಮ್ ಡೋರನ್ಸ್, ಅವರ ಅಣ್ಣ ಬಿಲ್, ಆಮೇಲೆ ರೇ ಹಂಟ್ ಬೇರೆ ದಾರಿ ತೋರಿಸಿದರು. ಕುದುರೆ ಒಂದಿಷ್ಟು ಪ್ರಯತ್ನ ಪಟ್ಟರೂ ಸಾಕು, ಅದನ್ನು ಗಮನಿಸಿ, ತಕ್ಷಣ ಹಗ್ಗ ಸಡಿಲ ಬಿಡಿ ಎಂದರು. 1980ರ ದಶಕದ ಹೊತ್ತಿಗೆ ಪ್ಯಾಟ್ ಪರೆಲ್ಲಿ ಇದನ್ನು ಏಳು ಆಟ, ಹಂತ ಹಂತದ ಪಾಠ, ಕೋಲು, ಹಗ್ಗ ಎಂದು ಕಟ್ಟಿ ಮನೆಮನೆಗೆ ತಲುಪಿಸಿದರು. ನಿಮ್ಮ ಎರಡನೇ ತರಬೇತುದಾರರಿಗೆ ಸಿಟ್ಟು ಬರಿಸಿರುವುದು ಬಹುಶಃ ಈ ಕೊನೆಯ ಭಾಗವೇ.

ವ್ಯಾಪಾರ ಅನ್ನುವ ಆಕ್ಷೇಪವನ್ನು ನಾನು ದೊಡ್ಡದಾಗಿ ತೆಗೆದುಕೊಳ್ಳುವುದಿಲ್ಲ. ಹಳೇ ಪದ್ಧತಿಯವರು ಜೀನು, ಕಡಿವಾಣ ಪುಕ್ಕಟೆ ಕೊಡುತ್ತಾರಾ?

ಅಸಲಿ ವಿಷಯ ಬೇರೆ ಇದೆ. ಇಬ್ಬರೂ ಮಾಡುವುದು ಒಂದೇ ಕೆಲಸ. ಹಗ್ಗ ಎಳೆದಾಗ ಕುದುರೆಯ ತಲೆಯ ಮೇಲೆ ಒತ್ತಡ ಬೀಳುತ್ತದೆ. ಅದು ಒಂದು ಹೆಜ್ಜೆ ಮುಂದೆ ಬಂದ ಕೂಡಲೇ ಒತ್ತಡ ಹೋಗುತ್ತದೆ. ಕುದುರೆ ಕಲಿಯುವುದು ಆ ಬಿಡುಗಡೆಯಿಂದ. ಕಾಲಿನಿಂದ ಒತ್ತುವುದು, ಲಗಾಮು ಹಿಡಿಯುವುದು, ಕೋಲು ಆಡಿಸುವುದು, ಎಲ್ಲದರ ಒಳಗೂ ಇದೇ ಲೆಕ್ಕ. ಕಲಿಕೆಯ ವಿಜ್ಞಾನದಲ್ಲಿ ಇದಕ್ಕೆ ನೆಗೆಟಿವ್ ರೀಇನ್ಫೋರ್ಸ್‌ಮೆಂಟ್ ಎನ್ನುತ್ತಾರೆ. ವ್ಯತ್ಯಾಸ ಇರುವುದು ಎಷ್ಟು ಒತ್ತುತ್ತೀರಿ, ಎಷ್ಟು ಬೇಗ ಬಿಡುತ್ತೀರಿ ಅನ್ನುವುದರಲ್ಲಿ. ಮೈಮೇಲೆ ನೊಣ ಕೂತರೆ ಆ ಜಾಗದ ಚರ್ಮ ಮಾತ್ರ ಅದುರಿಸುವ ಪ್ರಾಣಿ ಅದು. ಅದಕ್ಕೆ ಜೋರು ಬೇಕಾಗಿಲ್ಲ. ನ್ಯಾಚುರಲ್‌ನವರು ನೆಲದ ಮೇಲೆ ನಿಂತು ಈ ಸಮಯಪ್ರಜ್ಞೆಯನ್ನು ಚೆನ್ನಾಗಿ ಕಲಿಸುತ್ತಾರೆ. ಎಷ್ಟೋ ಸವಾರಿ ಶಾಲೆಗಳಲ್ಲಿ ಮೊದಲ ದಿನವೇ ಮೇಲೆ ಹತ್ತಿಸಿ ಹಿಮ್ಮಡಿಯಿಂದ ಒದೆಯಿರಿ ಅಂತಾರೆ. ಅದಕ್ಕಿಂತ ಇದು ಎಷ್ಟೋ ಮೇಲು.

ಈಗ ಕಥೆಯ ಕಡೆ ಬರೋಣ. ಹಿಂಡಿನಲ್ಲಿ ಒಬ್ಬ ನಾಯಕಿ ಇರುತ್ತಾಳೆ, ಅವಳು ಮಿಕ್ಕವರನ್ನು ಓಡಿಸಿ ಗೌರವ ಪಡೆಯುತ್ತಾಳೆ, ನೀವೂ ಹಾಗೇ ಮಾಡಿ ಅನ್ನುವುದು ನ್ಯಾಚುರಲ್‌ನವರ ವಾದ. ಅಮೆರಿಕದ ತರಬೇತುದಾರ ಮಾಂಟಿ ರಾಬರ್ಟ್ಸ್ ಅವರ 'ಜಾಯಿನ್ ಅಪ್' ಅನ್ನುವ ವಿಧಾನ ಇದರಲ್ಲಿ ಜಾಸ್ತಿ ಹೆಸರಾಯಿತು. 1989ರಲ್ಲಿ ವಿಂಡ್ಸರ್ ಅರಮನೆಯಲ್ಲಿ ಎಲಿಜಬೆತ್ ರಾಣಿಯ ಮುಂದೆ ಅವರು ಅದನ್ನು ಮಾಡಿ ತೋರಿಸಿದ್ದರು. ದುಂಡನೆಯ ಬೇಲಿಯೊಳಗೆ ಕುದುರೆಯನ್ನು ಸುತ್ತ ಓಡಿಸುತ್ತಾರೆ. ಅದು ಕಿವಿ ತಿರುಗಿಸಿ, ತಲೆ ತಗ್ಗಿಸಿ, ಬಾಯಿ ಚಪ್ಪರಿಸಿದಾಗ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಕುದುರೆ ಹಿಂದೆಯೇ ಬರುತ್ತದೆ. ನೋಡುವವರ ಕಣ್ಣು ಒದ್ದೆಯಾಗುತ್ತದೆ.

2012ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯನ ಬದಲು ರಿಮೋಟ್ ಕಂಟ್ರೋಲ್ ಆಟಿಕೆ ಕಾರನ್ನು ಬೇಲಿಯೊಳಗೆ ಬಿಟ್ಟರು. ಕುದುರೆ ಅದರ ಕಡೆ ತಿರುಗಿದಾಗ ಕಾರು ಒತ್ತಡ ಹಾಕುವುದನ್ನು ನಿಲ್ಲಿಸುತ್ತಿತ್ತು. ಕುದುರೆಗಳು ಕಾರಿನ ಕಡೆ ತಿರುಗುವುದನ್ನೂ ಕಲಿತವು. ಕಾರು ಹಿಂಡಿನ ನಾಯಕಿ ಆಗಲು ಸಾಧ್ಯವಾ? ಇಲ್ಲ ಅಲ್ವಾ. ಓಡಿದರೆ ಕಾಟ, ತಿರುಗಿದರೆ ನೆಮ್ಮದಿ, ಅಷ್ಟೇ. ಇನ್ನು ಬಾಯಿ ಚಪ್ಪರಿಸುವುದು ಶರಣಾಗತಿಯ ಗುರುತಲ್ಲ. ಉದ್ವೇಗ ಇಳಿಯುವ ಹೊತ್ತಿಗೆ ಕುದುರೆಗಳು ಹಾಗೆ ಮಾಡುತ್ತವೆ. ಅಂದರೆ ಅದಕ್ಕೂ ಮೊದಲು ಉದ್ವೇಗ ಇತ್ತು ಅಂತ ಆಯಿತು. ಹಿಂಡಿನ ಅಧ್ಯಯನಗಳಲ್ಲೂ ಒಂದೇ ಹೆಣ್ಣು ಕುದುರೆ ಸದಾ ಮುನ್ನಡೆಸುವುದು ಕಂಡಿಲ್ಲ, ಬೇರೆ ಬೇರೆ ಕುದುರೆಗಳು ಹೆಜ್ಜೆ ಮುಂದಿಡುತ್ತವೆ.

ಕಥೆ ಸುಳ್ಳಾದರೆ ನಮಗೇನು, ಕೆಲಸ ಆಗುತ್ತದಲ್ಲ ಎಂದು ನೀವು ಕೇಳಬಹುದು. ಆದರೆ ಅಪಾಯ ಇರುವುದೇ ಅಲ್ಲಿ. ಎಲ್ಲವನ್ನೂ ಗೌರವದ ಪ್ರಶ್ನೆ ಮಾಡಿಬಿಟ್ಟರೆ ನೋವು ಕಣ್ಣಿಗೆ ಬೀಳುವುದಿಲ್ಲ. ಜೀನು ಬಿಗಿಯುವಾಗ ಕಚ್ಚಲು ಬರುವ ಕುದುರೆಗೆ ಹೊಟ್ಟೆಯಲ್ಲಿ ಹುಣ್ಣಿರಬಹುದು. ತಲೆ ಎತ್ತಿ ಕೊಡವುವುದಕ್ಕೆ ಹಲ್ಲಿನ ಚೂಪು ಅಂಚು ಕಾರಣ ಇರಬಹುದು. ಬೆನ್ನು ನೋಯುತ್ತಿದ್ದರೆ ಅದು ಹತ್ತಿಸಿಕೊಳ್ಳದೆ ಸರಿಯುತ್ತದೆ. 'ಇದಕ್ಕೆ ಗೌರವ ಇಲ್ಲ' ಎಂದು ಅದನ್ನು ಸುತ್ತ ಓಡಿಸುವುದು ನೋಯುತ್ತಿರುವ ಪ್ರಾಣಿಗೆ ಕೊಡುವ ಶಿಕ್ಷೆ. ಒಂದು ದಿನ ಚೆನ್ನಾಗಿದ್ದ ಕುದುರೆ ಇನ್ನೊಂದು ದಿನ ಹಠ ಮಾಡಿದರೆ ನಾನು ಮೊದಲು ಪಶುವೈದ್ಯರಿಗೆ ಫೋನ್ ಮಾಡುತ್ತೇನೆ.

ಇನ್ನೊಂದು ಅಪಾಯ, ಸುಮ್ಮನೆ ನಿಂತ ಕುದುರೆಯನ್ನು ಶಾಂತ ಕುದುರೆ ಎಂದುಕೊಳ್ಳುವುದು. ತಪ್ಪಿಸಿಕೊಳ್ಳಲು ಬಿಡದೆ ಪ್ಲಾಸ್ಟಿಕ್ ಚೀಲ, ಟಾರ್ಪಾಲು ಬಡಿಯುತ್ತಲೇ ಇದ್ದರೆ ಕೊನೆಗೆ ಅದು ನಿಲ್ಲುತ್ತದೆ. ಕಣ್ಣು ಮಂಕಾಗಿರುತ್ತದೆ, ಮೈ ಬಿಗಿದಿರುತ್ತದೆ. ಅದು ಕಲಿತಿರುವುದು ಪ್ರಯತ್ನ ಪಟ್ಟು ಪ್ರಯೋಜನ ಇಲ್ಲ ಅನ್ನುವುದನ್ನು ಮಾತ್ರ. 'ಮೃದು' ಎಂದು ಹೆಸರಾದದ್ದೆಲ್ಲ ಮೃದು ಇರಬೇಕಾಗಿಲ್ಲ. 1858ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಕುದುರೆ ಪಳಗಿಸಿದ ಜಾನ್ ರೇರಿ ದಯೆಗೆ ಹೆಸರಾಗಿದ್ದವರು. ಅವರು ಮಾಡುತ್ತಿದ್ದದ್ದು ಮುಂಗಾಲು ಮಡಚಿ ಪಟ್ಟಿ ಕಟ್ಟಿ, ಕುದುರೆ ಸೋತು ಮಲಗುವಂತೆ ಮಾಡುವುದು!

ಹಾಗಾದರೆ ಕುದುರೆ ಸರಿ ಮಾಡಿದ ಕ್ಷಣ 'ಕ್ಲಿಕ್' ಅಂತ ಸದ್ದು ಮಾಡಿ, ಬರೀ ತಿಂಡಿ ಕೊಟ್ಟು ಕಲಿಸುವ ಕ್ಲಿಕ್ಕರ್ ಪದ್ಧತಿ? ನನಗೆ ಇಷ್ಟ. ಗಾಡಿ ಹತ್ತಿಸುವುದಕ್ಕೆ, ಸೂಜಿ ಚುಚ್ಚಿಸಿಕೊಳ್ಳುವುದಕ್ಕೆ ತುಂಬಾ ಚೆನ್ನ. ಆದರೆ ಸಮಯ ತಪ್ಪಿದರೆ ಜೇಬು ಕಚ್ಚುವ ಕುದುರೆ ತಯಾರಾಗುತ್ತದೆ. ಸವಾರಿಯಲ್ಲಿ ಕಾಲು, ಲಗಾಮಿನ ಒತ್ತಡವನ್ನು ಪೂರ್ತಿ ಬಿಡುವುದೂ ಕಷ್ಟ. ಕುತ್ತಿಗೆ ಬೆನ್ನಿಗೆ ಸೇರುವ ಉಬ್ಬಿನ ಹತ್ತಿರ ಕೆರೆಯುವುದನ್ನು ಇದಕ್ಕೆ ಸೇರಿಸಿಕೊಳ್ಳಿ. ಕುದುರೆಗಳು ಒಂದನ್ನೊಂದು ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ಟಪಟಪ ಅಂತ ತಟ್ಟುವುದಕ್ಕಿಂತ ಅದು ವಾಸಿ.

ಸೇರುವ ಮೊದಲು ಆ ತರಬೇತುದಾರರು ಹೆದರುವ ಕುದುರೆಯೊಂದರ ಜೊತೆ ಕೆಲಸ ಮಾಡುವುದನ್ನು ನೋಡಿ. ಚೆನ್ನಾಗಿ ಪಳಗಿದ ಕುದುರೆಯ ಪ್ರದರ್ಶನ ಬೇಡ. ನಿಮ್ಮ ಕಣ್ಣು ಅವರ ಕೈ ಮೇಲಿರಲಿ. ಕುದುರೆ ಚೂರು ಒಪ್ಪಿದಾಗ ಹಗ್ಗ ಸಡಿಲವಾಗುತ್ತದಾ, ಇಲ್ಲಾ ಪೂರ್ತಿ ಮಾಡಿಸುವ ತನಕ ಹಿಡಿದೇ ಇರುತ್ತಾರಾ? ಕುದುರೆ ಮಾತು ಕೇಳದಿದ್ದಾಗ ಜೀನು, ಹಲ್ಲು, ಗೊರಸು ನೋಡುತ್ತಾರಾ? ಇದನ್ನೇ ಎರಡನೆಯವರ ಪಾಠದಲ್ಲೂ ನೋಡಿ. ಅವರ ಕೈ ಹಗುರವಾಗಿದ್ದರೆ, ಅವರು ನಾಟಕ ಎಂದು ಎಷ್ಟೇ ಬೈದರೂ ಅವರ ಹತ್ತಿರವೇ ಕಲಿಯಿರಿ.

ಸಾಮಾನಿನ ವಿಷಯ: ಕೋಲು ಈಗ ಬೇಡ, ಯಾವ ಹಗುರ ಬೆತ್ತವಾದರೂ ನಡೆಯುತ್ತದೆ. ಹಗ್ಗದ ಹಾಲ್ಟರ್ ತೆಳ್ಳಗಿರುವುದರಿಂದ ಸಣ್ಣ ಎಳೆತವೂ ಮುಖಕ್ಕೆ ಜೋರಾಗಿ ತಾಗುತ್ತದೆ. ಅದು ಸುಲಭಕ್ಕೆ ತುಂಡಾಗುವುದೂ ಇಲ್ಲ, ಹಾಗಾಗಿ ಅದನ್ನು ಹಾಕಿ ಕುದುರೆಯನ್ನು ಕಂಬಕ್ಕೆ ಕಟ್ಟಿ ಹೋಗಬೇಡಿ. ನಿಮ್ಮ ಕೈ ಕುದುರುವ ತನಕ ಅಗಲ ಪಟ್ಟಿಯ ಮಾಮೂಲಿ ಹಾಲ್ಟರ್ ಸಾಕು.